ಕಾಯುವಿಕೆಯ ಎರಡು ಸಾಲುಗಳು



ಲೈಸೆನ್ಸ್ ರಾಜ್ ಕಾಲದಲ್ಲಿ ಚೇತಕ್ ಸ್ಕೂಟರಿಗೆ ಹೆಸರು ಬರೆಸಿ ನಮ್ಮ ಹಿರಿಯರು ವರ್ಷಗಟ್ಟಲೆ ಕಾದರು. ಇಂದು ಫ್ರೀಮಾಂಟ್, ಸನ್ನಿವೇಲ್‌ಗಳಲ್ಲಿ ನಾವು ಪ್ಲಗ್-ಇನ್ ಹೈಬ್ರಿಡ್ ಕಾರಿಗೆ ಮುಂಗಡ ಕಟ್ಟಿ ಕಾಯುತ್ತೇವೆ. ಆ ಕಾಯುವಿಕೆಯಲ್ಲಿ ಕೊರತೆಯ ಕಸಿವಿಸಿಯಿತ್ತು. ಈಗಿನದರಲ್ಲಿ ಪರಿಸರಕ್ಕೆ ಒಳಿತು ಮಾಡಿದ ಸಮಾಧಾನವೂ ಬೆರೆತಿದೆ. ಈ ಸಮಾಧಾನವನ್ನು ತುಸು ಪರಿಶೀಲಿಸಬೇಕು.

ಈ ಕಾರಿಗೆ ಬ್ಯಾಟರಿಯೂ ಉಂಟು, ಪೆಟ್ರೋಲ್ ಟ್ಯಾಂಕೂ ಉಂಟು. ಟೊಯೋಟಾದ ರ್ಯಾವ್-4 ಪ್ರೈಮ್ ಪೂರ್ಣ ಚಾರ್ಜಿನಲ್ಲಿ ಸುಮಾರು 42 ಮೈಲಿ ವಿದ್ಯುತ್ತಿನಿಂದಲೇ ಓಡುತ್ತದೆ. ಆದರೆ ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಪ್ಲಗ್ ದೊರೆಯದ ಬಾಡಿಗೆದಾರರ ಪಾಲಿಗೆ ಅದು ಹೆಚ್ಚುಕಡಿಮೆ ಪೆಟ್ರೋಲ್ ಕಾರೇ. ಹಾಗಿದ್ದೂ, ಒಬ್ಬರೇ ಕುಳಿತು ಕಾರ್‌ಪೂಲ್ ಪಥದಲ್ಲಿ ಸಾಗಲು ಇಂಥ ಕಾರುಗಳಿಗೆ ಕ್ಯಾಲಿಫೋರ್ನಿಯ ಸ್ಟಿಕ್ಕರು ಕೊಡುತ್ತಿತ್ತು. ಆ ಸವಲತ್ತು 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು.

ಇದೇ ಕಣಿವೆಯಲ್ಲಿ ಇನ್ನೊಂದು ಸಾಲಿದೆ. ಬಾರ್ಟ್ ರೈಲನ್ನು ಸ್ಯಾನ್ ಹೋಸೆಗೆ ತರಲೆಂದು ಸಾಂಟಾ ಕ್ಲಾರಾ ಕೌಂಟಿಯ ಮತದಾರರು 2000ದಲ್ಲೇ ಮಾರಾಟ ತೆರಿಗೆಗೆ ಒಪ್ಪಿದರು. ರೈಲು ಬೆರ್ಯೆಸ್ಸಾ ತಲುಪಿದ್ದು 2020ರಲ್ಲಿ. ನಗರದ ನಡುಭಾಗ ಇನ್ನೂ ಕಾಯುತ್ತಿದೆ. ನಮ್ಮ ಕಚೇರಿಗಳನ್ನು ಗುಡಿಸುವವರು, ನಮಗೆ ಅಡುಗೆ ಮಾಡಿ ಬಡಿಸುವವರು ಆ ಸಾಲಿನಲ್ಲಿದ್ದಾರೆ. ಅವರ ಪರವಾಗಿ ವಿಚಾರಿಸಲು ಡೀಲರ್ ಇಲ್ಲ.

ಕಾರು ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಕಾರು ಎಲ್ಲಿಗೆ ಬಂತೆಂದು ವಾರವಾರವೂ ವಿಚಾರಿಸುವ ಆಸ್ಥೆಯನ್ನು ಕೌಂಟಿಯ ಸಾರಿಗೆ ಸಭೆಗಳಿಗೂ ಒಯ್ಯೋಣ. ರೈಲು ಎಲ್ಲಿಗೆ ಬಂತೆಂದು ಅಲ್ಲಿಯೂ ಕೇಳೋಣ.