ಬೇಲಿಗೂ ಬೇಲಿ ಬೇಕು



ಮೊನ್ನೆ ಹಿರಿಯರೊಬ್ಬರು ನಮ್ಮಲ್ಲಿಗೆ ಬಂದಿದ್ದರು. "ಬುದ್ಧೀ, ಈ ಜನಕ್ಕೆ ಸ್ವಾತಂತ್ರ್ಯ ಹೆಚ್ಚಾಯಿತು. ಬೆತ್ತ ಹಿಡಿದ ಒಬ್ಬ ದೊರೆ ಬೇಕು" ಎಂದರು. ಕಳ್ಳತನ, ಲಂಚ, ಹೊಡೆದಾಟಗಳನ್ನು ಕಂಡವರಿಗೆ ಹಾಗೆ ಅನ್ನಿಸುವುದು ಸಹಜವೇ. ಆದರೆ ಈ ಮಾತು ಹೊಸದಲ್ಲ. ಇದನ್ನು ಆಳವಾಗಿ ವಿಚಾರ ಮಾಡಿದವರಿದ್ದಾರೆ.

ಇಂಗ್ಲೆಂಡಿನಲ್ಲಿ ಥಾಮಸ್ ಹಾಬ್ಸ್ ಎಂಬ ತತ್ತ್ವಜ್ಞಾನಿ ಇದ್ದನು. ಅವನ ಕಾಲದಲ್ಲಿ ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆದು, 1649ರಲ್ಲಿ ಅರಸ ಒಂದನೆಯ ಚಾರ್ಲ್ಸನ ಶಿರಚ್ಛೇದವಾಯಿತು. ಆ ರಕ್ತಪಾತದ ಕಾಲದಲ್ಲಿ ಹಾಬ್ಸ್ 'ಲೆವಿಯಾಥನ್' ಎಂಬ ಗ್ರಂಥವನ್ನು ಬರೆದನು. ಅದು 1651ರಲ್ಲಿ ಪ್ರಕಟವಾಯಿತು. ಆಳುವ ಶಕ್ತಿ ಇಲ್ಲದಿದ್ದರೆ ಎಲ್ಲರೂ ಎಲ್ಲರಿಗೂ ಶತ್ರುಗಳೇ. ಆದ್ದರಿಂದ ಅಧಿಕಾರವನ್ನೆಲ್ಲ ಒಬ್ಬ ಅರಸನಿಗೋ ಒಂದು ಸಭೆಗೋ ಒಪ್ಪಿಸಿಬಿಡಬೇಕು ಎಂಬುದು ಅವನ ವಾದ. ನಮ್ಮ ಹಿರಿಯರ ಮಾತೂ ಇದೇ ಅಲ್ಲವೇ?

ಅನಂತರ ಜಾನ್ ಲಾಕ್ ಬಂದನು. ನೆರೆಯವನ ಭಯಕ್ಕೆ ಪ್ರಭುವಿನ ಮೊರೆ ಹೊಕ್ಕೆವು. ಪ್ರಭುವಿನ ಭಯಕ್ಕೆ ಯಾರ ಮೊರೆ ಹೋಗೋಣ? ಬೇಲಿಯೇ ಎದ್ದು ಹೊಲ ಮೇಯ್ದರೆ ಗತಿಯೇನು? ಜನರ ಜೀವ, ಸ್ವಾತಂತ್ರ್ಯ, ಆಸ್ತಿಗಳನ್ನು ಕಾಯಲೆಂದೇ ಸರಕಾರ ಇರುವುದು. ಆ ನಂಬಿಕೆಗೆ ದ್ರೋಹ ಬಗೆದ ಸರಕಾರವನ್ನು ತೆಗೆಯುವ ಹಕ್ಕು ಜನರಿಗುಂಟು ಎಂದು ಅವನು ತಿಳಿಸಿದನು. 1748ರಲ್ಲಿ ಫ್ರಾನ್ಸಿನ ಮಾಂಟೆಸ್ಕ್ಯೂ ಇನ್ನೊಂದು ಹೆಜ್ಜೆ ಮುಂದಿಟ್ಟನು. ಕಾನೂನು ಮಾಡುವವರು, ಅದನ್ನು ನಡೆಸುವವರು, ನ್ಯಾಯ ಹೇಳುವವರು ಬೇರೆ ಬೇರೆಯಾಗಿದ್ದು, ಒಬ್ಬರು ಹದ್ದು ಮೀರದಂತೆ ಇನ್ನೊಬ್ಬರು ತಡೆಯಬೇಕು ಎಂದನು.

ಇದು ಪರದೇಶದ ಕಥೆ ಮಾತ್ರವೆಂದು ತಿಳಿಯಬೇಡಿರಿ. 1975ರ ಜೂನ್ 25ರಂದು ನಮ್ಮಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಸಾವಿರಾರು ಜನ ವಿಚಾರಣೆಯಿಲ್ಲದೆ ಸೆರೆಮನೆ ಸೇರಿದರು. ಅವರ ಮೊರೆಯನ್ನು ನ್ಯಾಯಾಲಯ ಕೇಳಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಪೊಲೀಸನೊಬ್ಬ ದ್ವೇಷದಿಂದ ಒಬ್ಬನನ್ನು ಕೊಂದರೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಕೇಳಿದರು. ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲವೆಂದು ಸರಕಾರದ ವಕೀಲರು ಒಪ್ಪಿಕೊಂಡರು! 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ಸರಕಾರದ ಪರವಾಗಿ ತೀರ್ಪಿತ್ತರು. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮರುವರ್ಷ ಅವರನ್ನು ಬಿಟ್ಟು ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಅವರು ರಾಜೀನಾಮೆ ಕೊಟ್ಟು ಹೊರನಡೆದರು.

ಸತ್ಯ ಒಂಟಿಯಾಗಬಹುದು, ಸಾಯುವುದಿಲ್ಲ. ತುರ್ತು ಪರಿಸ್ಥಿತಿಯಲ್ಲಿಯೂ ಜೀವ ಮತ್ತು ದೇಹಸ್ವಾತಂತ್ರ್ಯದ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವ ದಾರಿಯನ್ನು ಮುಚ್ಚಬಾರದೆಂದು 1978ರ 44ನೆಯ ತಿದ್ದುಪಡಿ ವಿಧಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಹಳೆಯ ತೀರ್ಪನ್ನು ತಳ್ಳಿಹಾಕಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು.

ಆ ಹಿರಿಯರಿಗೆ ನಾವು ಹೇಳಿದ್ದು ಇಷ್ಟೇ: "ಯಜಮಾನರೇ, ಬೆತ್ತ ಬೇಕೆನ್ನುವಾಗ ಅದು ಬೇರೆಯವರ ಬೆನ್ನಿಗೆ ಬೀಳುತ್ತದೆಂದು ಎಣಿಸುತ್ತೇವೆ. ನಾಳೆ ಆ ಬೆನ್ನು ನಮ್ಮ ಮಗನದೇ ಆಗಿದ್ದರೆ?" ಅವರು ಸುಮ್ಮನಾದರು. ಹೊಲಕ್ಕೆ ಬೇಲಿ ಬೇಕು, ನಿಜ. ಆ ಬೇಲಿಗೂ ಒಂದು ಬೇಲಿ ಬೇಕು. ಅದನ್ನು ಕಾಯುವ ಎಚ್ಚರ ನಮ್ಮೆಲ್ಲರದು.