ಅಕ್ಷರಕ್ಕಾಗಿ ಹುಟ್ಟಿದ ಮಸೂರ

ಹಳೆಯ ಮ್ಯಾಕ್ರೋ ಮಸೂರಗಳಲ್ಲಿ ಯಾವುದು ಮೇಲು ಎಂದು ಕೇಳುವವರುಂಟು. ತಾವು ನೋಡಬಯಸುವುದು ಏನನ್ನು ಎಂಬ ಮರುಪ್ರಶ್ನೆಯೇ ನನ್ನ ಉತ್ತರ. ಫೋಕಸನ್ನು ಕೈಯಿಂದಲೇ ಹೊಂದಿಸಬೇಕಾದ ಈ ಮಸೂರಗಳು ಒಂದು ಅಡಾಪ್ಟರ್ ಉಂಗುರದ ನೆರವಿನಿಂದ ಇಂದಿನ ಡಿಜಿಟಲ್ ಕ್ಯಾಮರಾಗಳಿಗೂ ಒಗ್ಗುತ್ತವೆ.

1956ರಲ್ಲಿ ಜಪಾನಿನ ನಿಕಾನ್ ತಯಾರಕರು ಮೈಕ್ರೋ-ನಿಕ್ಕೋರ್ ಮಸೂರವನ್ನು ಹೊರತಂದುದು ಹೂವಿಗಾಗಿ ಅಲ್ಲ, ಅಕ್ಷರಕ್ಕಾಗಿ. ದಟ್ಟ ಗೆರೆಗಳ ಕಾಂಜಿ ಲಿಪಿಯು ಮೈಕ್ರೋಫಿಲ್ಮಿನಲ್ಲಿ ಕಲೆಸಿಹೋಗಬಾರದೆಂಬುದೇ ಅದರ ಉದ್ದೇಶ. ಒತ್ತಕ್ಷರಗಳ ಕನ್ನಡಕ್ಕೂ ಬೇಕಾದ ಗುಣವಿದು. ಮುಧೋಳದ ರನ್ನನ ಕಾವ್ಯ ನಮಗೆ ಉಳಿದುಬಂದದ್ದು ಓಲೆಗರಿಗಳಲ್ಲಿ. ಅಂಥ ಗರಿಗಳಿಗೂ ರಬಕವಿ-ಬನಹಟ್ಟಿಯ ಕೈಮಗ್ಗದ ಸೀರೆಗಳ ಹಾಸುಹೊಕ್ಕುಗಳಿಗೂ ನಾನು ಆರಿಸುವುದು ಇದೇ ಮನೆತನದ 55 ಮಿ.ಮೀ. ಮಸೂರವನ್ನು. ಸಪಾಟಾದ ವಸ್ತುವಿನ ನಡುವನ್ನೂ ಅಂಚನ್ನೂ ಅದು ಸಮನಾಗಿ ಬಿಡಿಸಿ ತೋರಿಸುತ್ತದೆ.

1979ರ ಟ್ಯಾಮ್ರಾನ್ 90 ಮಿ.ಮೀ. ಮಸೂರದ ಸ್ವಭಾವ ಬೇರೆ. ಎರಡೂ ವಸ್ತುವಿನ ಅರ್ಧ ಅಳತೆಯವರೆಗೆ ಚಿತ್ರಿಸಬಲ್ಲವು. ಅದಕ್ಕಾಗಿ ನಿಕ್ಕೋರ್ ಹಿಡಿದ ಕ್ಯಾಮರಾ ಸುಮಾರು 25 ಸೆಂ.ಮೀ. ಸನಿಹಕ್ಕೆ ಬರಬೇಕು, ಟ್ಯಾಮ್ರಾನಿಗೆ 39 ಸೆಂ.ಮೀ. ದೂರವೇ ಸಾಕು. ಜಮಖಂಡಿಯ ಕಬ್ಬಿನ ಹೊಲದ ಬದುವಿನಲ್ಲೋ ಬೀಳಗಿಯ ಹಿನ್ನೀರಿನ ದಂಡೆಯಲ್ಲೋ ಕುಳಿತ ಚಿಟ್ಟೆ ಬೆದರದೆ ಉಳಿಯುವುದು ಈ ಅಂತರದಿಂದ.

ಕೊಳ್ಳುವ ಮುನ್ನ ಮಸೂರವನ್ನು ಬೆಳಕಿಗೆ ಹಿಡಿದು, ಗಾಜಿನೊಳಗೆ ಬೂಷ್ಟಿನ ಎಳೆಗಳಿವೆಯೇ ಎಂದು ಪರೀಕ್ಷಿಸಬೇಕು.

ವಿದ್ಯುತ್ ಮಗ್ಗಗಳ ಸದ್ದಿನಲ್ಲಿ ಕೈಮಗ್ಗ ಹಿಂದೆ ಸರಿದಿದೆ. ಓಲೆಗರಿಗಳನ್ನು ಹುಳು ತಿನ್ನುತ್ತಿದೆ. ಮನೆಯ ಪೆಟ್ಟಿಗೆಯಲ್ಲಿರುವ ಸೀರೆ, ಗರಿಗಳು ಸವೆಯುವ ಮೊದಲೇ ಚಿತ್ರವಾಗಿ ಉಳಿಯಲಿ. ದುಬಾರಿಯ ಹೊಸ ಮಸೂರಕ್ಕಾಗಿ ಕಾಯುವಷ್ಟು ಹೊತ್ತು ಅವಕ್ಕೆ ಇಲ್ಲ.