ಸುಣ್ಣ ಬಳಿಯುವ ಮುನ್ನ ಗೋಡೆಯನ್ನು ನೋಡಿರಿ



ಕುಟುಂಬ ಕಲ್ಯಾಣದ ಭಾಷಣವೆಂದೊಡನೆ ಚುಚ್ಚುಮದ್ದು, ಹೆರಿಗೆ, ಮಕ್ಕಳ ನಡುವಣ ಅಂತರ ಇವುಗಳ ಮಾತೇ ಬರುವುದೆಂದು ನೀವು ಎಣಿಸಿರಬಹುದು. ಇಂದು ನಾನು ಹೇಳಬಯಸುವುದು ನಿಮ್ಮ ಮನೆಯ ಗೋಡೆಯ ವಿಷಯ. ವೈದ್ಯನಿಗೂ ಗೋಡೆಗೂ ಏನು ಸಂಬಂಧವೆಂದು ನೀವು ಕೇಳಿದರೆ ತಪ್ಪಿಲ್ಲ. ಆ ಸಂಬಂಧವನ್ನು ನಾನೂ ತಡವಾಗಿಯೇ ಅರಿತುಕೊಂಡೆನು.

ನದಿಯ ದಂಡೆಯ ಒಂದು ಊರಿನಿಂದ ತಾಯಿಯೊಬ್ಬರು ಹತ್ತು ತಿಂಗಳ ಕೂಸನ್ನು ಎತ್ತಿಕೊಂಡು ಬರುತ್ತಿದ್ದರು. ರಾತ್ರಿಯಾದರೆ ಕೂಸಿಗೆ ಕೆಮ್ಮು, ಎದೆಯಲ್ಲಿ ಸಿಳ್ಳಿನಂತಹ ಸದ್ದು. ಮೂರು ಸಲ ಬಂದರು; ಮೂರು ಸಲವೂ ನಾನು ಔಷಧವನ್ನು ಬರೆದುಕೊಟ್ಟೆನು. ನಾಲ್ಕು ದಿನ ಗೆಲುವು, ಮತ್ತೆ ಅದೇ ಕೆಮ್ಮು. ನಾಲ್ಕನೆಯ ಸಲ ಅವರ ಅತ್ತೆ ಜೊತೆಗೆ ಬಂದಿದ್ದರು. "ಸಾಹೇಬ್ರ, ತವರಮನಿಗೆ ಹೋದ್ರ ಕೂಸು ಆರಾಮ ಇರ್ತೈತ್ರಿ. ನಮ್ಮ ಮನಿಗೆ ಬಂತಂದ್ರ ಮತ್ತ ಕೆಮ್ಮ ಹತ್ತೈತ್ರಿ" ಎಂದರು. ಅತ್ತೆಗೆ ಇದರಲ್ಲಿ ಯಾರದೋ ದೃಷ್ಟಿ ತಾಗಿದ ಸಂಶಯ. ನನಗಾದರೋ ನಾಚಿಕೆಯಾಯಿತು. ಕೂಸು ಎಲ್ಲಿ ಮಲಗುತ್ತದೆ ಎಂಬ ಪ್ರಶ್ನೆಯನ್ನು ಕೇಳದೆಯೇ ನಾನು ಮೂರು ಚೀಟಿಗಳನ್ನು ಬರೆದಿದ್ದೆನು.

ಮರುವಾರ ಆ ಊರಿಗೆ ಹೋದಾಗ ಅವರ ಮನೆಯನ್ನು ಹೊಕ್ಕು ನೋಡಿದೆನು. ಕಲ್ಲು ಮಣ್ಣಿನ ಹಳೆಯ ಮನೆ. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಸೊಂಟದವರೆಗೆ ನೀರು ನಿಂತಿತ್ತು. 2021ರ ಜುಲೈಯಲ್ಲಿ ಮತ್ತೊಮ್ಮೆ ನಿಂತಿತು. ತರುವಾಯ ಮನೆಯವರು ಸಾಲ ಮಾಡಿ ಗೋಡೆಗಳಿಗೆ ಸಿಮೆಂಟಿನ ಗಿಲಾವು ಮಾಡಿಸಿ, ಮೇಲೆ ಎಣ್ಣೆಬಣ್ಣ ಹಚ್ಚಿಸಿದ್ದರು. ನೋಡಲು ಅಂದವಾಗಿಯೇ ಇತ್ತು. ಆದರೆ ಒಳಕೋಣೆಯ ಕಪಾಟನ್ನು ಇಬ್ಬರು ಸೇರಿ ಸರಿಸಿದಾಗ ಅದರ ಹಿಂದೆ ಮೊಣಕಾಲೆತ್ತರದವರೆಗೆ ಗೋಡೆ ಕಪ್ಪಾಗಿತ್ತು. ಬೆಳಕಿಂಡಿಗೆ ಗೋಣಿಚೀಲ ತುರುಕಲಾಗಿತ್ತು. ತೊಟ್ಟಿಲು ಅಲ್ಲಿಂದ ಎರಡೇ ಮಾರು ದೂರದಲ್ಲಿ ತೂಗುತ್ತಿತ್ತು.

ಆ ಕಪ್ಪು ಬೂಷ್ಟು. ನಮ್ಮ ಗಡಿಭಾಗದಲ್ಲಿ ಮರಾಠಿ ಬೆರೆಸಿ ಆಡುವವರು ಬುರಶಿ ಎನ್ನುತ್ತಾರೆ. ಇದರ ಕಣ್ಣಿಗೆ ಕಾಣದ ಬೀಜಕಣಗಳು ಎಲ್ಲ ಮನೆಗಳ ಗಾಳಿಯಲ್ಲಿಯೂ ಇರುತ್ತವೆ, ಅವುಗಳನ್ನು ತಡೆಯಲಾಗದು. ಅವು ಮೊಳೆಯಲು ಬೇಕಾದುದು ತೇವವೊಂದೇ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡದೆ ಇರುತ್ತದೆ, ಮೆತ್ತನೆಯ ರೊಟ್ಟಿ ಮಳೆಗಾಲದಲ್ಲಿ ಎರಡು ಮೂರು ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಜೋಳ ಒಂದೇ, ಹಿಟ್ಟು ಒಂದೇ. ನೀರಿನಲ್ಲಿ ಮಾತ್ರ ವ್ಯತ್ಯಾಸ. ಗೋಡೆಯ ನ್ಯಾಯವೂ ಇದೇ ಆಗಿದೆ.

ತೇವದ ಮನೆಯಲ್ಲಿರುವವರಿಗೆಲ್ಲ ರೋಗ ಬರುತ್ತದೆಂದು ನಾನು ಹೇಳುವುದಿಲ್ಲ. ಆದರೆ ಇಂತಹ ಮನೆಗಳಲ್ಲಿ ಕೆಮ್ಮು, ಉಬ್ಬಸ, ಮೂಗು ಸೋರುವಿಕೆ ಹೆಚ್ಚೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಸ್ಪಷ್ಟಪಡಿಸಿದೆ. ಚಿಕ್ಕ ಮಕ್ಕಳು ಮತ್ತು ಮೊದಲೇ ಉಬ್ಬಸವುಳ್ಳವರು ಹೆಚ್ಚು ಬಳಲುತ್ತಾರೆ. ಕ್ಷಯದಿಂದ ಗುಣಹೊಂದಿದವರ ಪುಪ್ಪುಸದಲ್ಲಿ ಉಳಿದ ಕುಳಿಯೊಳಗೆ ಬೂಷ್ಟು ಗಡ್ಡೆಯಾಗಿ ಬೆಳೆಯುವುದೂ ಉಂಟು. ಬಡವರ ಮನೆಯ ಮಾತು ಮಾತ್ರ ಇದೆಂದು ತಿಳಿಯಬೇಡಿರಿ. ಸಿರಿವಂತ ದೇಶವಾದ ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ 2020ರ ಡಿಸೆಂಬರಿನಲ್ಲಿ ಎರಡು ವರ್ಷದ ಮಗುವೊಂದು ಬಾಡಿಗೆ ಮನೆಯ ಬೂಷ್ಟಿನಿಂದಾದ ಉಸಿರಾಟದ ರೋಗದಿಂದಲೇ ತೀರಿಕೊಂಡಿತೆಂದು 2022ರಲ್ಲಿ ವಿಚಾರಣೆಯಿಂದ ತೀರ್ಮಾನವಾಯಿತು. ತಂದೆ ಮೊದಲು ದೂರಿಕೊಂಡಾಗ ಬೂಷ್ಟಿನ ಮೇಲೆ ಬಣ್ಣ ಬಳಿದುಕೊಳ್ಳುವಂತೆ ಹೇಳಲಾಗಿತ್ತಂತೆ. ಮರುವರ್ಷ ಆ ದೇಶದಲ್ಲಿ ಅದಕ್ಕಾಗಿಯೇ ಕಾನೂನು ಬಂದಿತು.

ಇಲ್ಲಿ ಒಂದು ಭಯವನ್ನು ನಿವಾರಿಸಬೇಕಾಗಿದೆ. 2021ರಲ್ಲಿ ಕೋವಿಡ್ ತರುವಾಯ ಬಂದ ‘ಕಪ್ಪು ಶಿಲೀಂಧ್ರ’ ರೋಗವು ಗೋಡೆಯ ಕಪ್ಪು ಕಲೆಯಿಂದ ಬಂದುದಲ್ಲ. ಅದು ಬಹುತೇಕ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರನ್ನೂ ಸ್ಟಿರಾಯ್ಡ್ ಔಷಧ ಪಡೆದವರನ್ನೂ ಕಾಡಿದ ಬೇರೆಯೇ ರೋಗ. ಗೋಡೆಯನ್ನು ಕಂಡು ಆ ಹೆದರಿಕೆ ಬೇಡ.

ನಮ್ಮ ಭಾಗವು ಮಲೆನಾಡಲ್ಲ. ಇಲ್ಲಿ ಮಳೆ ಅಷ್ಟೇನೂ ಇಲ್ಲ. ಆದರೂ ನಮ್ಮ ಹಳೆಯ ಮನೆಗಳು ಏಕೆ ತೇವ ಹಿಡಿಯುತ್ತವೆ? ಸಹ್ಯಾದ್ರಿಯಲ್ಲಿ ಸುರಿದ ಮಳೆಯನ್ನು ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳು ನಮ್ಮ ಬಾಗಿಲಿಗೆ ತರುತ್ತವೆ. ಯಡೂರ, ಮಾಂಜರಿ, ಜುಗೂಳ, ಕುಡಚಿಯ ಸುತ್ತಿನವರಿಗೆ 2005, 2019, 2021 ಈ ಮೂರು ವರ್ಷಗಳನ್ನು ನೆನಪಿಸಬೇಕಾಗಿಲ್ಲ. ನೆರೆ ಬಾರದ ಊರುಗಳಲ್ಲಿಯೂ ಕಬ್ಬಿಗೆ ಹಾಯಿಸಿದ ನೀರು ಎರೆಮಣ್ಣಿನಲ್ಲಿ ಇಂಗದೆ ನಿಂತು, ಹೊಲಗಳು ಸವಳು ಜವಳಾಗಿರುವುದನ್ನು ರಾಯಬಾಗ, ಅಥಣಿ, ಕಾಗವಾಡದ ರೈತರು ಬಲ್ಲರು. ಹೊಲವನ್ನು ಕೆಡಿಸಿದ ಆ ನೀರೇ ಊರಂಚಿನ ಮನೆಯ ತಳಪಾಯದಿಂದ ಗೋಡೆಗೆ ಏರುತ್ತದೆ.

ಪಟ್ಟಣಗಳಲ್ಲಿ ಮನೆಯ ತೇವವನ್ನು ಪರೀಕ್ಷಿಸುವುದನ್ನೇ ವೃತ್ತಿಯಾಗಿಸಿಕೊಂಡವರಿದ್ದಾರೆ. ತೇವವನ್ನು ಅಳೆಯುವ ಸಣ್ಣ ಯಂತ್ರವನ್ನು ಗೋಡೆಗೆ ಹಚ್ಚಿ ನೋಡುತ್ತಾರೆ. ಗಾಳಿಯಲ್ಲಿನ ಬೂಷ್ಟಿನ ಕಣಗಳನ್ನು ಎಣಿಸಿಕೊಡುವವರೂ ಉಂಟು. ಆ ಎಣಿಕೆಗೆ ಹಣ ಸುರಿಯಬೇಡಿರೆಂದೇ ನನ್ನ ಸಲಹೆ. ಇಷ್ಟು ಕಣಗಳಿದ್ದರೆ ರೋಗ, ಇಷ್ಟಿದ್ದರೆ ಕ್ಷೇಮ ಎಂಬ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ ನಿಗದಿಪಡಿಸಿಲ್ಲ. ಬಲ್ಲ ಪರೀಕ್ಷಕರು ಮೊದಲು ನಂಬುವುದು ತಮ್ಮ ಕಣ್ಣು, ಮೂಗು, ಅಂಗೈಗಳನ್ನು. ಅವು ನಿಮಗೂ ಇವೆ. 2019ರ ನೆರೆಯ ತರುವಾಯ ಅಧಿಕಾರಿಗಳು ಬಂದು ಮನೆಗಳ ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿದರಲ್ಲವೇ? ಅದು ಗೋಡೆ ಬಿದ್ದಿದೆಯೇ ನಿಂತಿದೆಯೇ ಎಂಬುದರ ತಪಾಸಣೆ. ನಿಂತ ಗೋಡೆಯೊಳಗೆ ಎಷ್ಟು ನೀರು ಉಳಿದಿದೆ ಎಂಬುದನ್ನು ಮನೆಯವರೇ ನೋಡಿಕೊಳ್ಳಬೇಕಾಗಿದೆ.

ಈ ತಪಾಸಣೆಯನ್ನು ಗಂಡಹೆಂಡಿರಿಬ್ಬರೂ ಕೂಡಿಯೇ ಮಾಡಿರಿ. ಮಾಳಿಗೆ ಹತ್ತಿ ನೋಡುವವನು ಗಂಡ. ಯಾವ ಮೂಲೆಯ ಹಾಸಿಗೆ ಬೆಳಗಿನ ಹೊತ್ತು ತಣ್ಣಗಿರುತ್ತದೆಂದು ಬಲ್ಲವಳು ಹೆಂಡತಿ. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಕಾಲವನ್ನೂ ಆರಿಸಿಕೊಳ್ಳಿರಿ. ನಮ್ಮಲ್ಲಿ ದಸರೆ ದೀಪಾವಳಿಗೆ ಮನೆಯನ್ನು ಸಾರಿಸಿ ಸುಣ್ಣ ಬಳಿಯುವ ಪದ್ಧತಿ. ಬಳಿದ ಮೇಲೆ ಕಲೆಗಳೆಲ್ಲ ಅಡಗಿ ಗೋಡೆ ಸುಳ್ಳು ಹೇಳತೊಡಗುತ್ತದೆ. ಆದುದರಿಂದ ಶ್ರಾವಣ ಭಾದ್ರಪದಗಳಲ್ಲಿ, ಸುಣ್ಣಕ್ಕೆ ಮೊದಲೇ ನೋಡಿರಿ.

ಬಾಗಿಲು ಮುಚ್ಚಿದ್ದ ಕೋಣೆಯನ್ನು ಬೆಳಿಗ್ಗೆ ತೆರೆದೊಡನೆ ಮೊದಲು ಮೂಸಿರಿ. ಮುಗ್ಗಲು ವಾಸನೆ ಬಂದರೆ, ಕಣ್ಣಿಗೆ ಕಾಣದಿದ್ದರೂ ಬೂಷ್ಟು ಇದೆ. ಅರ್ಧ ಗಂಟೆ ಕಳೆದರೆ ಮೂಗಿಗೆ ಅಭ್ಯಾಸವಾಗಿ ವಾಸನೆ ತಿಳಿಯದು. ಆಮೇಲೆ ಕಪಾಟು, ಟ್ರಂಕು, ಕಾಳಿನ ಚೀಲ, ದೇವರ ಪಟ ಇವುಗಳನ್ನು ಗೋಡೆಯಿಂದ ಸರಿಸಿ ಹಿಂದೆ ನೋಡಿರಿ. ತೇವವಿದ್ದ ಕಡೆ ಇದ್ದಲಿನಿಂದ ಅದರ ಅಂಚನ್ನು ಗೆರೆ ಎಳೆದು ಗುರುತಿಸಿರಿ. ಎಂಟು ದಿನ ಬಿಟ್ಟು ನೋಡಿದರೆ ತೇವವು ಗೆರೆ ದಾಟಿತೋ ಹಿಂದೆ ಸರಿಯಿತೋ ತಿಳಿಯುತ್ತದೆ.

ಗೋಡೆಯ ಮೇಲೆ ಬಿಳಿಯ ಅರಳಿನಂತಹ ಪುಡಿ ಕಂಡರೆ ಅದೆಲ್ಲ ಬೂಷ್ಟಲ್ಲ. ಬೆರಳಿನಿಂದ ಒಂದು ಹನಿ ನೀರು ಹಚ್ಚಿರಿ. ಕರಗಿಹೋದರೆ ಅದು ಉಪ್ಪು, ನೆಲದ ಸವಳು. ಕರಗದೆ ನಿಂತರೆ ಬೂಷ್ಟು. ಉಪ್ಪಾದರೂ ಸುಮ್ಮನಿರುವಂತಿಲ್ಲ, ಏಕೆಂದರೆ ನೆಲದ ನೀರು ಗೋಡೆಗೆ ಏರುತ್ತಿದೆಯೆಂಬುದಕ್ಕೆ ಅದೇ ಸಾಕ್ಷಿ.

ಮುಖ್ಯವಾದ ಪ್ರಶ್ನೆ, ನೀರು ಎಲ್ಲಿಂದ ಬರುತ್ತಿದೆ ಎಂಬುದು. ಕಲೆಯು ಮೇಲಿನಿಂದ ಇಳಿದು ಜಂತಿ, ತೊಲೆಗಳ ಬಳಿ ಗಾಢವಾಗಿದ್ದರೆ ಮಾಳಿಗೆಯ ಮಣ್ಣು ಕೊರೆದಿದೆ, ಇಲ್ಲವೇ ಹಂಚು ಒಡೆದಿದೆ. ನೆಲದಿಂದ ಎದ್ದು ಸೊಂಟದ ಕೆಳಗೇ ನಿಂತಿದ್ದರೆ ತಳದ ನೀರು. ಒಂದೇ ಗೋಡೆಗೆ ಕಲೆಯಿದ್ದರೆ ಅದರ ಆಚೆ ಬದಿಗೆ ಹೋಗಿ ನೋಡಿರಿ. ಬಚ್ಚಲೋ, ದನದ ಗೋದಲಿಯೋ, ನಳದ ಚರಂಡಿಯೋ, ಗೋಡೆಗೆ ಆನಿಸಿದ ತಿಪ್ಪೆಯೋ ಇದ್ದೇ ಇರುತ್ತದೆ. ನೆಲದ ಸಂಶಯವಿದ್ದರೆ ಎರಡು ಅಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ಅಂಚಿಗೆ ಸುತ್ತಲೂ ಉಸುಕು ಹೇರಿ ಒಂದು ಹಗಲು ಒಂದು ರಾತ್ರಿ ಬಿಡಿರಿ. ಹಾಳೆಯ ಕೆಳಮೈ ಬೆವರಿದ್ದರೆ ನೀರು ನೆಲದ್ದು, ಮೇಲ್ಮೈ ಬೆವರಿದ್ದರೆ ಕೋಣೆಯ ಗಾಳಿಯದು. ಗಾಳಿಯಲ್ಲಿ ನೀರೆಲ್ಲಿಂದ ಎನ್ನುವಿರಾ? ನೀರು ಕಾಯಿಸುವ ಒಲೆ, ಒಳಗೇ ಒಣಹಾಕಿದ ಬಟ್ಟೆ, ಒಂದೇ ಕೋಣೆಯಲ್ಲಿ ಮಲಗುವ ಆರೇಳು ಜನರ ಉಸಿರು ಇವು ಸಾಲವೇ? ನಿಪ್ಪಾಣಿಯ ಕಡೆ ಬೀಡಿ ಕಟ್ಟುವ ತಾಯಂದಿರು ಎಲೆಯನ್ನು ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ರಾತ್ರಿಯಿಡೀ ಮಲಗುವ ಕೋಣೆಯಲ್ಲಿಯೇ ಇಡುವುದುಂಟು. ಅದನ್ನು ಪಡಸಾಲೆಗಾದರೂ ಸಾಗಿಸಿರಿ.

ಗೋಡೆ ಹೊಟ್ಟೆಯುಬ್ಬಿದ್ದರೆ, ಬುಡದ ಮಣ್ಣು ಕರಗಿ ಕಲ್ಲು ಕಂಡರೆ, ತೊಲೆಗೆ ಚಾಕು ಚುಚ್ಚಿದಾಗ ಮೆತ್ತಗೆ ಇಳಿದರೆ ನಿಮ್ಮ ತಪಾಸಣೆ ಅಲ್ಲಿಗೆ ಮುಗಿಯಿತು. ಆ ಕೋಣೆಯಲ್ಲಿ ಮಲಗುವುದನ್ನು ನಿಲ್ಲಿಸಿ ಅನುಭವವುಳ್ಳ ಗೌಂಡಿಯನ್ನು ಅಥವಾ ಎಂಜಿನಿಯರರನ್ನು ಕರೆಯಿರಿ. ಹಣವನ್ನು ವೆಚ್ಚ ಮಾಡತಕ್ಕ ತಪಾಸಣೆ ಅದೇ.

ಉಳಿದಂತೆ ಮೊದಲು ನೀರನ್ನು ತಿರುಗಿಸಿರಿ, ಆಮೇಲೆ ಬೂಷ್ಟನ್ನು ತೊಳೆಯಿರಿ. ಗಟ್ಟಿ ಗೋಡೆಯಾದರೆ ಸಾಬೂನಿನ ನೀರು, ಬ್ರಷ್ಷು ಸಾಕು. ಮಣ್ಣಿನ ಗಿಲಾವಿನೊಳಗೆ ಬೇರೂರಿದ್ದರೆ ಅದನ್ನು ಕೆರೆದು ತೆಗೆಯದೆ ಗತಿಯಿಲ್ಲ. ಒಣಗಿದ್ದನ್ನು ಹಾಗೆಯೇ ಕೆರೆದರೆ ಕಣಗಳು ಮನೆಯೆಲ್ಲ ಹಾರುತ್ತವೆ. ನೀರು ಚಿಮುಕಿಸಿ, ಮೂಗುಬಾಯಿಗೆ ಮಾಸ್ಕ್ ಕಟ್ಟಿಕೊಂಡು ಕೆರೆಯಿರಿ. ಗರ್ಭಿಣಿಯರು, ಮಕ್ಕಳು, ಉಬ್ಬಸವುಳ್ಳವರು ಆ ಹೊತ್ತು ಮನೆಯಲ್ಲಿರಬಾರದು. ಬ್ಲೀಚಿಂಗ್ ಪೌಡರನ್ನು ಪಾಯಖಾನೆ ತೊಳೆಯುವ ಆ್ಯಸಿಡ್ಡಿನೊಡನೆ ಎಂದಿಗೂ ಬೆರೆಸಬೇಡಿರಿ, ಏಳುವ ಅನಿಲವು ಪ್ರಾಣಕ್ಕೆ ಅಪಾಯಕಾರಿ. ಹಳೆಯ ಮಣ್ಣಿನ ಗೋಡೆಗೆ ಸುಣ್ಣವೇ ಲೇಸು. ಅದರಲ್ಲಿ ಗೋಡೆ ಉಸಿರಾಡುತ್ತದೆ. ಸಿಮೆಂಟು, ಎಣ್ಣೆಬಣ್ಣಗಳು ಒಳಗಿನ ನೀರಿಗೆ ಹೊರದಾರಿಯನ್ನು ಮುಚ್ಚಿಬಿಡುತ್ತವೆ. ನಾನು ಹೇಳಿದ ಮನೆಯಲ್ಲಿ ಆದುದೂ ಇದೇ.

ಈಗ ಬಾಣಂತಿಯ ಕೋಣೆಯ ಮಾತು. ನಮ್ಮಲ್ಲಿ ಬಾಣಂತಿಗೆಂದು ಆರಿಸುವುದು ಮನೆಯ ಅತ್ಯಂತ ಒಳಗಿನ, ಕತ್ತಲೆಯ ಕೋಣೆ. ಗಾಳಿ ತಾಗಬಾರದೆಂದು ಬೆಳಕಿಂಡಿಗೆ ಬಟ್ಟೆ ತುರುಕುತ್ತೇವೆ. ಪಕ್ಕದಲ್ಲಿಯೇ ಎರೆಯುವ ಬಿಸಿನೀರು, ಕೆಂಡದ ಮೇಲೆ ಒಣಗಿಸುವ ಕೂಸಿನ ಬಟ್ಟೆ, ಅದರ ಹೊಗೆ. ಬಾಣಂತಿಯನ್ನು ಬೆಚ್ಚಗಿಡಬೇಕೆಂಬ ಹಿರಿಯರ ಮಾತು ಸರಿಯೇ. ಆದರೆ ಬೆಚ್ಚಗಿರುವುದು ಬೇರೆ, ಗಾಳಿಯಿಲ್ಲದಿರುವುದು ಬೇರೆ. ಮುಚ್ಚಿದ ಕೋಣೆಯ ಕೆಂಡದಿಂದ ವಾಸನೆಯಿಲ್ಲದ ವಿಷಾನಿಲ ಹುಟ್ಟುತ್ತದೆ ಎಂಬುದನ್ನೂ ನೆನಪಿಡಿರಿ. ಏಳನೆಯ ತಿಂಗಳು ತುಂಬುವುದರೊಳಗೆ ದಂಪತಿಗಳು ಕೋಣೆಯನ್ನು ಆರಿಸಿಡಿರಿ: ಒಣಗಿದ ಗೋಡೆ, ದಿನದಲ್ಲಿ ಸ್ವಲ್ಪ ಹೊತ್ತಾದರೂ ಬಿಸಿಲು, ತೆರೆಯಬಲ್ಲ ಒಂದು ಕಿಂಡಿ. ತೊಟ್ಟಿಲನ್ನು ಹೊರಗೋಡೆಯಿಂದ ದೂರವಿಡಿರಿ. ಅತ್ತೆಯವರಿಗೆ ಇದನ್ನು ಹೇಳುವ ಹೊಣೆ ಮಗನದು. ಸೊಸೆಯ ಬಾಯಿಂದ ಹೇಳಿಸಿದರೆ ಮಾತು ಬೇರೆ ಕಡೆಗೆ ಹೊರಳುತ್ತದೆ.

ಗೋಡೆಯ ಜೊತೆಗೆ ಕಾಳನ್ನೂ ನೋಡಿರಿ. ತೇವದ ಮೂಲೆಯಲ್ಲಿ ಬೂಷ್ಟು ಹಿಡಿದ ಶೇಂಗಾ, ಗೋವಿನಜೋಳಗಳನ್ನು ತೊಳೆದು ತಿನ್ನುವುದು ಸಲ್ಲದು. 1974ರಲ್ಲಿ ರಾಜಸ್ಥಾನ ಗುಜರಾತಗಳ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳ ತಿಂದು ಯಕೃತ್ತು ಕೆಟ್ಟು ನೂರಕ್ಕೂ ಹೆಚ್ಚು ಜನ ಸತ್ತರು. ಬೂಷ್ಟು ಹಿಡಿದ ಕಣಿಕೆ, ಕಬ್ಬಿನ ಸಿಪ್ಪೆಗಳ ಧೂಳಿನಿಂದಲೂ ಪುಪ್ಪುಸದ ರೋಗಗಳುಂಟು. ಮೇವನ್ನು ಮಲಗುವ ಮನೆಯಲ್ಲಿ ಒಟ್ಟಬೇಡಿರಿ.

ಕೂಸಿನ ಕೆಮ್ಮಿಗೆಲ್ಲ ಗೋಡೆಯೇ ಕಾರಣವೆಂದು ಮನೆಯಲ್ಲಿ ಕುಳಿತುಕೊಳ್ಳುವುದೂ ತಪ್ಪು. ನೆಮ್ಮದಿಯಾಗಿರುವಾಗ ಉಸಿರನ್ನು ಒಂದು ನಿಮಿಷ ಪೂರ್ತಿ ಎಣಿಸಿರಿ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40 ಅಥವಾ ಹೆಚ್ಚಾದರೆ, ಇಲ್ಲವೇ ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಹಾಲು ಬಿಟ್ಟರೆ, ರಾತ್ರಿಯಾದರೂ ಆಸ್ಪತ್ರೆಗೆ ಬನ್ನಿರಿ. ಚುಟಿಗೆ ಹಾಕಿಸಿ ಹೊತ್ತು ಕಳೆಯಬೇಡಿರಿ. ದೊಡ್ಡವರಿಗೆ ಎರಡು ವಾರ ದಾಟಿದ ಕೆಮ್ಮಿದ್ದರೆ ಕಫ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಹಣವಿಲ್ಲ.

ಆ ಮನೆಯವರು ಬೇಸಿಗೆಯಲ್ಲಿ ಗೋಡೆಯ ಸಿಮೆಂಟನ್ನು ಸೊಂಟದೆತ್ತರಕ್ಕೆ ಕೆರೆಸಿ ಮಣ್ಣು ಸುಣ್ಣದ ಗಿಲಾವು ಹಾಕಿಸಿದರು. ಬಚ್ಚಲ ನೀರಿಗೆ ಹಿತ್ತಿಲಿಗೆ ಕಾಲುವೆ ತೋಡಿದರು. ಗೋಣಿಚೀಲವನ್ನು ಅತ್ತೆಯೇ ಕಿತ್ತರಂತೆ. ಕೆಮ್ಮು ಪೂರ್ಣ ನಿಂತಿತೆಂದು ಹೇಳಲಾರೆ. ಮುಂದಿನ ಚಳಿಗಾಲದಲ್ಲಿ ಎರಡು ಸಲ ಇನ್‌ಹೇಲರ್ ಬೇಕಾಯಿತು. ಆದರೆ ತಾಯಿಗೂ ಕೂಸಿಗೂ ರಾತ್ರಿ ನಿದ್ರೆ ಬರುತ್ತಿದೆ.

ನೀವು ತಪಾಸಣೆ ಮಾಡಿದ ದಿನ, ಮನೆಯ ನಕ್ಷೆಯೊಂದನ್ನು ಕಾಗದದ ಮೇಲೆ ಗೀಚಿ, ತೇವದ ಜಾಗ ಯಾವುದು, ಯಾರು ಎಲ್ಲಿ ಮಲಗುತ್ತಾರೆ ಎಂಬುದನ್ನು ಗುರುತು ಹಾಕಿರಿ. ಮುಂದಿನ ಸಲ ಆಸ್ಪತ್ರೆಗೆ ಬರುವಾಗ ತಾಯಿ ಕಾರ್ಡಿನೊಳಗೆ ಆ ಕಾಗದವನ್ನೂ ಮಡಚಿ ತನ್ನಿರಿ. ನಾನು ಕೇಳಲು ಮರೆತರೆ ನೀವೇ ನನ್ನ ಮುಂದೆ ಇಡಿರಿ.